ಕಿಡ್ನಿ ಯಾರ ಪಾಲಿಗೆ?

ನೆಲ್ಯಾಡಿಯಲ್ಲಿ ಒಬ್ಬರ ಎರಡೂ ಮೂತ್ರಪಿಂಡಗಳು ಕೆಟ್ಟುಹೋದವೆಂದು ಇಟ್ಟುಕೊಳ್ಳಿ. ವಾರಕ್ಕೆ ಎರಡು ಮೂರು ಸಲ ಪುತ್ತೂರಿಗೋ ಮಂಗಳೂರಿಗೋ ಬಸ್ಸು ಹಿಡಿದು ಹೋಗಿ, ನಾಲ್ಕು ಗಂಟೆ ಕಾಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ ಬರಬೇಕು. ಇದರಿಂದ ಬಿಡುಗಡೆ ಬೇಕೆಂದರೆ ಇರುವುದು ಮೂತ್ರಪಿಂಡದ ಕಸಿ. ಅದು ಅವರಿಗೆ ಸಿಕ್ಕೀತೇ? ಉತ್ತರ ಬರೀ ರೋಗವನ್ನು ಅವಲಂಬಿಸಿಲ್ಲ. ರೋಗಿ ಯಾವ ದೇಶದವರು, ಯಾವ ಕಾಲದವರು, ಗಂಡೋ ಹೆಣ್ಣೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಕಸಿ ಮೊದಲು ಯಶಸ್ವಿಯಾದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ನಿನಲ್ಲಿ. ರಿಚರ್ಡ್ ಹೆರಿಕ್ ಎಂಬ ತರುಣನಿಗೆ ಅವನ ಅವಳಿ ಸೋದರ ರೊನಾಲ್ಡ್ ಒಂದು ಮೂತ್ರಪಿಂಡ ಕೊಟ್ಟ. ತದ್ರೂಪಿ ಅವಳಿಗಳಾದ್ದರಿಂದ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ರಿಚರ್ಡ್ ಮತ್ತೆ ಎಂಟು ವರ್ಷ ಬದುಕಿದ. ಶಸ್ತ್ರಚಿಕಿತ್ಸೆ ನಡೆಸಿದ ಡಾ. ಜೋಸೆಫ್ ಮರ್ರೆಗೆ 1990ರಲ್ಲಿ ನೊಬೆಲ್ ಬಂತು. ಆದರೆ ಅವಳಿ ಸೋದರನಿರುವ ರೋಗಿ ಎಷ್ಟು ಮಂದಿ! ಅರವತ್ತರ ದಶಕದಲ್ಲಿ ಅಜಥಯೊಪ್ರಿನ್, 1983ರಲ್ಲಿ ಅಮೆರಿಕದಲ್ಲಿ ಮಂಜೂರಾದ ಸೈಕ್ಲೊಸ್ಪೊರಿನ್ ಔಷಧಗಳು ಬಂದ ಮೇಲೆಯೇ ಬಾಗಿಲು ಅಗಲವಾದದ್ದು. ಭಾರತದಲ್ಲಿ ಯಶಸ್ವಿ ಕಸಿ ಆರಂಭವಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ.

ಆ ಕಾಲದಲ್ಲಿ ಕಸಿ ಎಂದರೆ ಮುಖ್ಯವಾಗಿ ಹರೆಯದವರಿಗೆ. ಐವತ್ತು ದಾಟಿದವರನ್ನೂ ಸಕ್ಕರೆ ಕಾಯಿಲೆಯವರನ್ನೂ ಎಷ್ಟೋ ಆಸ್ಪತ್ರೆಗಳು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಜಯಪ್ರಕಾಶ ನಾರಾಯಣರ ಮೂತ್ರಪಿಂಡಗಳು 1975ರಲ್ಲಿ ಕೆಟ್ಟಾಗ ಅವರಿಗೆ ಎಪ್ಪತ್ತು ದಾಟಿತ್ತು. 1979ರಲ್ಲಿ ತೀರಿಕೊಳ್ಳುವವರೆಗೂ ಅವರ ಬದುಕು ಡಯಾಲಿಸಿಸ್ ಮೇಲೆಯೇ ನಡೆಯಿತು. 1999ರಲ್ಲಿ ಬಳ್ಳಾರಿಯಲ್ಲಿ ಚುನಾವಣೆಗೆ ನಿಂತು ಕನ್ನಡದಲ್ಲಿ ಭಾಷಣ ಮಾಡಿದ ಸುಷ್ಮಾ ಸ್ವರಾಜ್ ಅವರಿಗೆ ಸಕ್ಕರೆ ಕಾಯಿಲೆಯಿತ್ತು. 2016ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಅವರಿಗೆ ಕಸಿಯಾದಾಗ ವಯಸ್ಸು 64. ಲಾಲು ಪ್ರಸಾದರಿಗೆ 2022ರಲ್ಲಿ ಮಗಳು ಮೂತ್ರಪಿಂಡ ಕೊಟ್ಟಾಗ ಅವರಿಗೆ 74. ನಾಲ್ಕು ದಶಕಗಳಲ್ಲಿ ರೋಗಿಯ ಚಹರೆಯೇ ಬದಲಾಯಿತು.

ಯುರೋಪಿನಲ್ಲಿ ಮುದುಕರಿಗೆಂದೇ ಬೇರೆ ವ್ಯವಸ್ಥೆಯಿದೆ. ಜರ್ಮನಿ, ನೆದರ್ಲೆಂಡ್ಸ್ ಮುಂತಾದ ದೇಶಗಳ ಕೂಟವಾದ ಯೂರೊಟ್ರಾನ್ಸ್‌ಪ್ಲಾಂಟ್ 1999ರಿಂದ, 65 ದಾಟಿ ತೀರಿಕೊಂಡವರ ಮೂತ್ರಪಿಂಡವನ್ನು 65 ದಾಟಿದ ರೋಗಿಗೇ ಕೊಡುತ್ತಿದೆ. ಸ್ಪೇನಿನಲ್ಲಿ ಹತ್ತು ಕಸಿಗಳಲ್ಲಿ ಸುಮಾರು ಒಂಬತ್ತಕ್ಕೆ ಮೂತ್ರಪಿಂಡ ಬರುವುದು ಮೃತರಿಂದ. ಜಪಾನಿನಲ್ಲಿ ಇದು ತಿರುವುಮುರುವು. ಅಲ್ಲಿ ಮಿದುಳು ಸಾವಿನ ಬಳಿಕದ ಅಂಗದಾನಕ್ಕೆ ಕಾನೂನು ಬಂದದ್ದೇ 1997ರಲ್ಲಿ. ಮೃತರ ಮೂತ್ರಪಿಂಡಕ್ಕಾಗಿ ಹದಿನಾಲ್ಕು ಹದಿನೈದು ವರ್ಷ ಕಾಯಬೇಕು. ಹೀಗಾಗಿ ರಕ್ತದ ಗುಂಪು ಹೊಂದದಿದ್ದರೂ ಗಂಡ ಹೆಂಡತಿ ನಡುವೆ ಕಸಿ ಮಾಡುವ ವಿದ್ಯೆಯಲ್ಲಿ ಜಪಾನೀ ವೈದ್ಯರು ಪಳಗಿದರು.

ಭಾರತ ಈ ವಿಷಯದಲ್ಲಿ ಜಪಾನಿನ ಕಡೆಗಿದೆ. ದೇಶದಲ್ಲಿ 2023ರಲ್ಲಿ ಎಲ್ಲ ಅಂಗಗಳೂ ಸೇರಿ 18,378 ಕಸಿಗಳಾದವು. ಮರಣಾನಂತರ ದಾನ ಮಾಡಿದವರು 1,099 ಮಂದಿ ಮಾತ್ರ. ಉಳಿದದ್ದೆಲ್ಲ ಬದುಕಿರುವವರ ದಾನ, ಅಂದರೆ ಬಹುತೇಕ ಮನೆಯವರದ್ದು. ಮನೆಯಲ್ಲಿ ಕೊಡುವವರು ಯಾರು? ಹೆಚ್ಚಾಗಿ ತಾಯಿ, ಹೆಂಡತಿ. ಪಡೆಯುವವರು? ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗಿನ 36,640 ಕಸಿಗಳಲ್ಲಿ ಹೆಂಗಸರಿಗೆ ಆದದ್ದು 6,945. ಐವರಲ್ಲಿ ನಾಲ್ವರು ಗಂಡಸರು! ಅಮೆರಿಕದಲ್ಲೂ ಮೂತ್ರಪಿಂಡ ಪಡೆಯುವವರಲ್ಲಿ ಗಂಡಸರೇ ಹೆಚ್ಚು, ಆದರೆ ಅಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಹೆಂಗಸರು.

ಇದಕ್ಕೆ ವೈದ್ಯಕೀಯ ಕಾರಣ ಇಲ್ಲದಿಲ್ಲ. ಬಸಿರಿನಲ್ಲಿ ತಾಯಿಯ ದೇಹ ಮಗುವಿನ ತಂದೆಯ ಜೀವಕೋಶದ ಗುರುತುಗಳಿಗೆ ವಿರುದ್ಧವಾಗಿ ಪ್ರತಿಕಾಯಗಳನ್ನು ಬೆಳೆಸಿಕೊಳ್ಳಬಹುದು. ಮುಂದೆ ಗಂಡ ಕಿಡ್ನಿ ಕೊಡಲು ಒಪ್ಪಿದರೂ ಅದು ಹೊಂದದೆ ಹೋಗಬಹುದು. ಸರಿ, ಆದರೆ ಮದುವೆಯಾಗದ ಮಗಳಿಗೆ, ಅಕ್ಕತಂಗಿಗೆ ಈ ಕಾರಣ ಹೊಂದುವುದಿಲ್ಲ. ದುಡಿಯುವವನಿಗೆ ಏನಾದರೂ ಆದರೆ ಮನೆಯ ಗತಿಯೇನು ಎಂಬ ಲೆಕ್ಕಾಚಾರ, ಬದುಕಿಡೀ ನುಂಗಬೇಕಾದ ಮಾತ್ರೆಗಳ ಖರ್ಚು, ಇವೆರಡೂ ಸೇರಿ ಹೆಣ್ಣುಮಕ್ಕಳನ್ನು ಹಿಂದೆ ನಿಲ್ಲಿಸುತ್ತವೆ ಎನ್ನದೆ ವಿಧಿಯಿಲ್ಲ.

ಹೊರಗಿನ ದಾರಿ ಎಂದರೆ ಮೃತರ ದಾನ. ಕರ್ನಾಟಕದಲ್ಲಿ ಅದರ ಹಂಚಿಕೆ ನೋಡಿಕೊಳ್ಳುವುದು ‘ಜೀವಸಾರ್ಥಕತೆ’ ಸಂಸ್ಥೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ಗಾಯಗೊಂಡ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಮನೆಯವರು ಎರಡೂ ಮೂತ್ರಪಿಂಡ, ಯಕೃತ್ತು, ಹೃದಯದ ಕವಾಟ, ಕಣ್ಣುಗಳನ್ನು ದಾನ ಮಾಡಿದರು. ಇಂಥ ಅಂಗಗಳು ಪಟ್ಟಿಯ ಸರದಿಯಂತೆ ಹೋಗುತ್ತವೆ. 65 ದಾಟಿದವರ ಹೆಸರು ಸೇರಿಸಬಾರದೆಂಬ ಮಿತಿಯನ್ನೂ, ಅದೇ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತನ್ನೂ ಕೈಬಿಡುವಂತೆ 2023ರಲ್ಲಿ ಕೇಂದ್ರ ರಾಜ್ಯಗಳಿಗೆ ತಿಳಿಸಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿರುವ ಕಾಸರಗೋಡಿನ ಕನ್ನಡಿಗರಿಗೆ ಇದು ಸಣ್ಣ ಸಂಗತಿಯಲ್ಲ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಯುವ ಪಟ್ಟಿಯಲ್ಲಿ ಹೆಂಗಸರಿಗೂ, ಹಿಂದೆ ದಾನ ಮಾಡಿದ ಮೃತರ ಹತ್ತಿರದ ಬಂಧುಗಳಿಗೂ ಆದ್ಯತೆ ಕೊಡಬೇಕೆಂದು ಸಲಹೆ ಮಾಡಿತು.

ಪಟ್ಟಿಗೆ ಹೆಸರು ಸೇರುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ದಾನವಾದ ಮೂತ್ರಪಿಂಡವನ್ನು ಮಂಜಿನಲ್ಲಿಟ್ಟು ಕಾಯ್ದರೂ ಒಂದು ದಿನದೊಳಗೆ ಜೋಡಿಸಿಬಿಡುವುದು ಒಳ್ಳೆಯದು. ಕರೆ ಬಂದ ಕೂಡಲೇ ರೋಗಿ ಹೊರಡಬೇಕು. ನೆಲ್ಯಾಡಿಯವರಿಗೆ ಮಂಗಳೂರು ಎರಡು ಗಂಟೆಯ ದಾರಿ. ಬೆಂಗಳೂರಿನಲ್ಲಿ ಹೆಸರು ಬರೆಸಿದವರು ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯೇ ಎಂದೂ ನೋಡಿಕೊಳ್ಳಬೇಕಾಗುತ್ತದೆ.