ಆಟಕ್ಕಾಗಿ ಯಂತ್ರ ಕೊಳ್ಳುವ ಜಪಾನ್

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ರಿವ್ಯೂನಲ್ಲಿ ನಮ್ಮ ತಂಡ ಪ್ರೊಸೆಸರ್ ವೇಗ, ಮೆಮೊರಿ, ಸೆನ್ಸರ್ ಅಂತ ಹತ್ತು ಸ್ಲೈಡ್ ತೋರಿಸಿತ್ತು. ಎಲ್ಲ ಕೇಳಿಸಿಕೊಂಡ ಗೈಡ್ ಕೇಳಿದ್ದು ಒಂದೇ ಪ್ರಶ್ನೆ: ‘ಅದೆಲ್ಲ ಸರಿ ಕಣ್ರಪ್ಪ, ಇದನ್ನ ಯಾರು, ಯಾಕೆ ತಗೋತಾರೆ?’ ನಾವು ಮುಖ ಮುಖ ನೋಡಿಕೊಂಡೆವು. ಗೇಮ್ ಹುಚ್ಚಿನ ನನಗೆ ಆ ಪ್ರಶ್ನೆಯ ತೂಕ ಗೊತ್ತಾಗಿದ್ದು ಜಪಾನಿನ ಹ್ಯಾಂಡ್‌ಹೆಲ್ಡ್ ಕನ್ಸೋಲ್‌ಗಳ, ಅಂದರೆ ಕೈಯಲ್ಲೇ ಹಿಡಿದು ಆಡುವ ಯಂತ್ರಗಳ, ಕಥೆ ಓದಿದಾಗ.

2025ರ ಜೂನ್‌ನಲ್ಲಿ ನಿಂಟೆಂಡೊ ಕಂಪನಿಯ ‘ಸ್ವಿಚ್ 2’ ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲೇ ಜಪಾನಿನಲ್ಲಿ ಕಂಪನಿಯ ಆನ್‌ಲೈನ್ ಅಂಗಡಿ ನಡೆಸಿದ ಲಾಟರಿಗೆ ಸುಮಾರು 22 ಲಕ್ಷ ಜನ ಅರ್ಜಿ ಹಾಕಿದ್ದರು. ಬಹುಮಾನಕ್ಕಲ್ಲ, ದುಡ್ಡು ಕೊಟ್ಟು ಕನ್ಸೋಲ್ ಕೊಳ್ಳುವ ಅವಕಾಶಕ್ಕೆ! ಇದಕ್ಕಿಂತ ಬಲಶಾಲಿ ಯಂತ್ರಗಳು ಬೇಕಾದಷ್ಟಿವೆ. ಆದರೆ ಮಾರಿಯೊ ಕಾರ್ಟ್ ಸರಣಿಯ ಹೊಸ ಆಟ ಆಡಬೇಕೆಂದರೆ ಇದೊಂದೇ ದಾರಿ.

ಇದು ಇಂದು ನಿನ್ನೆಯ ಮಾತಲ್ಲ. 1989ರಲ್ಲಿ ಬಂದ ಗೇಮ್‌ಬಾಯ್‌ಗೆ ಬಣ್ಣದ ಪರದೆಯೂ ಇರಲಿಲ್ಲ. ಏಳು ವರ್ಷ ಹಳತಾಗಿದ್ದ ಆ ಯಂತ್ರಕ್ಕೆ 1996ರಲ್ಲಿ ಹೊಸ ಜೀವ ಕೊಟ್ಟಿದ್ದು ಪೊಕೆಮಾನ್. ‘ರೆಡ್’ ಮತ್ತು ‘ಗ್ರೀನ್’ ಎಂಬ ಎರಡು ಆವೃತ್ತಿ ಬಂದವು. ಒಂದರಲ್ಲಿ ಸಿಗುವ ಕೆಲವು ಪೊಕೆಮಾನ್‌ಗಳು ಇನ್ನೊಂದರಲ್ಲಿ ಸಿಗುತ್ತಿರಲಿಲ್ಲ. ಎಲ್ಲವನ್ನೂ ಕೂಡಿಹಾಕಬೇಕೆಂದರೆ ಗೆಳೆಯನ ಗೇಮ್‌ಬಾಯ್‌ಗೆ ಕೇಬಲ್ ಜೋಡಿಸಿ ಅದಲು ಬದಲು ಮಾಡಿಕೊಳ್ಳಬೇಕು. ಅಂದರೆ ನನ್ನ ಹತ್ತಿರ ಯಂತ್ರ ಇದ್ದರೆ ಸಾಲದು, ಗೆಳೆಯನ ಹತ್ತಿರವೂ ಇರಬೇಕು. ಮಾರಾಟ ಹೆಚ್ಚಿಸುವ ತಂತ್ರ ಆಟದ ಒಳಗೇ ಇತ್ತು!

ನನಗೆ ಹೆಚ್ಚು ಪಾಠ ಕಲಿಸಿದ್ದು 2011ರ ಪೈಪೋಟಿ. ಆ ವರ್ಷದ ಫೆಬ್ರುವರಿಯಲ್ಲಿ ನಿಂಟೆಂಡೊ 25,000 ಯೆನ್ ಬೆಲೆಗೆ ‘3ಡಿಎಸ್’ ಬಿಡುಗಡೆ ಮಾಡಿತು. ಕನ್ನಡಕವಿಲ್ಲದೆ 3ಡಿ ಕಾಣಿಸಿದರೂ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಆಗಸ್ಟ್‌ನಲ್ಲೇ ಬೆಲೆ 15,000 ಯೆನ್‌ಗೆ ಇಳಿಯಿತು. ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. ಅತ್ತ ಸೋನಿ ‘ಪಿಎಸ್ ವೀಟಾ’ ತರಲು ಸಜ್ಜಾಗಿತ್ತು. ಐದು ಇಂಚಿನ ಓಲೆಡ್ ಪರದೆ, ನಾಲ್ಕು ಕೋರ್‌ಗಳ ಪ್ರೊಸೆಸರ್, ಹಿಂಬದಿಯಲ್ಲೂ ಟಚ್‌ಪ್ಯಾಡ್. ಕಾಗದದ ಮೇಲೆ ನೋಡಿದರೆ ಗೆಲ್ಲಬೇಕಾದದ್ದು ಅದೇ.

ಆದರೆ ಸೋನಿಯ ಹಿಂದಿನ ಯಂತ್ರ ಪಿಎಸ್‌ಪಿ ಜಪಾನಿನಲ್ಲಿ ಗಟ್ಟಿಯಾಗಿ ನಿಂತಿದ್ದಕ್ಕೆ ದೊಡ್ಡ ಕಾರಣ ಕ್ಯಾಪ್‌ಕಾಮ್ ಕಂಪನಿಯ ‘ಮಾನ್‌ಸ್ಟರ್ ಹಂಟರ್’. ನಾಲ್ವರು ಒಂದೆಡೆ ಕೂತು ವೈರ್‌ಲೆಸ್‌ನಲ್ಲಿ ಒಟ್ಟಾಗಿ ಬೇಟೆಯಾಡುವ ಆಟ. 2010ರ ಕೊನೆಯಲ್ಲಿ ಬಂದ ಭಾಗವೊಂದೇ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮುಂದಿನ ಭಾಗವೂ ಸೋನಿಯಲ್ಲೇ ಎಂದು ನಂಬಿದ್ದವರಿಗೆ 2011ರ ಸೆಪ್ಟೆಂಬರ್‌ನಲ್ಲಿ ಅಚ್ಚರಿ ಕಾದಿತ್ತು. ಸರಣಿ 3ಡಿಎಸ್‌ಗೆ ಬರುತ್ತದೆಂಬ ಘೋಷಣೆ ಹೊರಬಿತ್ತು. ಡಿಸೆಂಬರ್ 10ಕ್ಕೆ 3ಡಿಎಸ್‌ನಲ್ಲಿ ಮಾನ್‌ಸ್ಟರ್ ಹಂಟರ್ ಬಂತು, ಡಿಸೆಂಬರ್ 17ಕ್ಕೆ ವೀಟಾ ಬಂತು, ಆ ಆಟವಿಲ್ಲದೆ. ಜಪಾನಿನಲ್ಲಿ ವೀಟಾ ಕೊನೆವರೆಗೂ 3ಡಿಎಸ್ ಹತ್ತಿರ ಸುಳಿಯಲಿಲ್ಲ. 2019ರಲ್ಲಿ ಅದರ ಉತ್ಪಾದನೆಯೇ ನಿಂತಿತು.

ಹಾಗಂತ ಎಲ್ಲವನ್ನೂ ಒಂದು ಆಟದ ತಲೆಗೆ ಕಟ್ಟುವುದು ತಪ್ಪು. 3ಡಿಎಸ್ ಬೆಲೆ ಇಳಿದಿತ್ತು, ಮಾರಿಯೊನ ಎರಡು ಆಟಗಳೂ ಅದೇ ಹೊತ್ತಿಗೆ ಬಂದವು. ವೀಟಾಗೆ ಸೋನಿಯದ್ದೇ ದುಬಾರಿ ಮೆಮೊರಿ ಕಾರ್ಡ್ ಬೇಕಿತ್ತು. ಸ್ಮಾರ್ಟ್‌ಫೋನ್‌ಗಳೂ ಅಷ್ಟರಲ್ಲಿ ಎಲ್ಲರ ಜೇಬು ಸೇರತೊಡಗಿದ್ದವು.

ಇನ್ನೊಂದು ಮಾತು. ಆಟ ಯಂತ್ರವನ್ನು ಮಾರುತ್ತದೆಯೋ, ಮಾರಾಟವಾಗುವ ಯಂತ್ರವನ್ನೇ ಆಟ ಹುಡುಕಿಕೊಂಡು ಬರುತ್ತದೆಯೋ? ಇದು ಬೀಜ ಮೊದಲೋ ಮರ ಮೊದಲೋ ಎಂಬಂಥ ಪ್ರಶ್ನೆ. ನಿಂಟೆಂಡೊ ಡಿಎಸ್ ಅನ್ನು ಮೊದಲು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಮಿದುಳಿಗೆ ಕಸರತ್ತು ಕೊಡುವ ಆಟದ ಪಾಲು ದೊಡ್ಡದು. ಗೇಮ್ ಮುಟ್ಟದ ಹಿರಿಯರೂ ಅದನ್ನು ಕೊಂಡರು. ಆ ಜನಸಂದಣಿ ಕಂಡ ಮೇಲೆ ಸ್ಕ್ವೇರ್ ಎನಿಕ್ಸ್ ತನ್ನ ‘ಡ್ರ್ಯಾಗನ್ ಕ್ವೆಸ್ಟ್’ನ ಒಂಬತ್ತನೇ ಭಾಗವನ್ನು ಡಿಎಸ್‌ಗೇ ತಂದಿತು. ಅದು 2009ರಲ್ಲಿ ಬಂದಾಗ ಯಂತ್ರ ಇನ್ನಷ್ಟು ಗಟ್ಟಿಯಾಯಿತು. ಜನ ಇದ್ದಲ್ಲಿಗೆ ಆಟ, ಆಟ ಇದ್ದಲ್ಲಿಗೆ ಜನ.

ಗೇಮ್‌ಬಾಯ್ ರೂಪಿಸಿದ ತಂಡದ ಮುಖ್ಯಸ್ಥ ಗುನ್‌ಪೆ ಯೊಕೊಯಿ ಎಂಜಿನಿಯರ್. ಹೊಚ್ಚ ಹೊಸ ತಂತ್ರಜ್ಞಾನದ ಬೆನ್ನು ಹತ್ತುವ ಬದಲು, ಹಳತಾಗಿ ಅಗ್ಗವಾದದ್ದನ್ನೇ ಹೊಸ ರೀತಿಯಲ್ಲಿ ಬಳಸಬೇಕು ಎನ್ನುವುದು ಅವರ ನಿಲುವಾಗಿತ್ತು. ಸ್ಪೆಸಿಫಿಕೇಷನ್ ನೋಡಿ ಮಾರುಹೋಗುವ ನಮ್ಮಂಥ ಬಿಇ ಹುಡುಗರು ಇದನ್ನು ನೆನಪಿಡಬೇಕು. ಪ್ರೊಸೆಸರ್ ಚೆನ್ನಾಗಿರಬೇಕು ನಿಜ. ಆದರೆ ಅದರಿಂದ ಜನಕ್ಕೆ ಏನು ಸಿಗುತ್ತದೆ ಎಂದು ಹೇಳಲು ಬಾರದಿದ್ದರೆ ಕ್ಯಾಂಪಸ್ ಇಂಟರ್‌ವ್ಯೂನಲ್ಲೂ ನಮ್ಮ ಪ್ರಾಜೆಕ್ಟ್ ವೀಟಾದಂತೆಯೇ ಬದಿಗೆ ಸರಿಯುತ್ತದೆ.

ಮುಂದಿನ ರಿವ್ಯೂಗೆ ನಮ್ಮ ಹತ್ತು ಸ್ಲೈಡ್ ನಾಲ್ಕಕ್ಕೆ ಇಳಿದಿವೆ. ಮೊದಲನೆಯದರಲ್ಲಿ ಇರುವುದು ಗೈಡ್ ಕೇಳಿದ ಅದೇ ಪ್ರಶ್ನೆ. ಉತ್ತರ ಬರೆಯುವ ಕೆಲಸ ಇನ್ನೂ ನಡೆದಿದೆ.