ದುಭಾಷಿ ಹೊರಡುವ ಮುನ್ನ

2020ರ ನವೆಂಬರ್‌ನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್‌ನ ಕಂಪ್ಯೂಟರುಗಳನ್ನು ಹೊರತಂದಿತು. ಧ್ವನಿಮುದ್ರಣದ ತಂತ್ರಾಂಶವೊಂದೇ ಹೊಸ ಚಿಪ್‌ಗೆ ಒಗ್ಗಿದರೆ ಸಾಲದು; ಅದರೊಳಗಿನ ಪ್ರತಿಯೊಂದು ಪ್ಲಗ್‌ಇನ್ ಕೂಡ ಒಗ್ಗಬೇಕು. ಅಲ್ಲಿಯವರೆಗೆ ರೊಸೆಟ್ಟಾ 2 ಎಂಬ ದುಭಾಷಿ ತಂತ್ರಾಂಶವೇ ಗತಿ. ಅದರ ಸಾಮಾನ್ಯ ಬಳಕೆಯೂ ಮ್ಯಾಕ್‌ಓಎಸ್ 27ರವರೆಗೆ ಮಾತ್ರವೆಂದು ಕಂಪನಿ 2025ರಲ್ಲಿ ಸಾರಿದೆ. ಅರ್ಥಶಾಸ್ತ್ರ ಓದಿದ ನನಗೆ ಇದು ಬದಲಾವಣೆಯ ವೆಚ್ಚವನ್ನು ಬಳಕೆದಾರನ ತಲೆಗೆ ಕಟ್ಟುವ ವ್ಯವಹಾರವಾಗಿಯೇ ಕಾಣುತ್ತದೆ. ಮುಂಬಯಿಯ ದೊಡ್ಡ ಸ್ಟುಡಿಯೊ ಅದನ್ನು ತಾಳಿಕೊಂಡೀತು. ಕಾರವಾರ, ಅಂಕೋಲೆಗಳ ಒಂದು ಕೋಣೆಯ ಸ್ಟುಡಿಯೊ?

ಹಾಲಕ್ಕಿ ಹಾಡುಗಳ ಕಣಜವೆನಿಸಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಂಥ ದನಿಗಳ ಮರುಮುದ್ರಣ ಸಾಧ್ಯವಿಲ್ಲ. ಹಳೆಯ ಯಂತ್ರ ನಡೆಯುವಷ್ಟು ಕಾಲ ಕಾಯುವುದು ಜಾಣತನವೇ ಸರಿ. ಆದರೆ ಪ್ರತಿ ಹಾಡಿನ ಟ್ರ್ಯಾಕ್‌ಗಳನ್ನು ಈಗಲೇ ಸಾದಾ ವೇವ್ ಕಡತಗಳಾಗಿ ಪ್ರತ್ಯೇಕ ಡಿಸ್ಕ್‌ಗೆ ಇಳಿಸಿಕೊಳ್ಳಬೇಕು, ದುಭಾಷಿ ಇನ್ನೂ ಇರುವಾಗಲೇ.