ತಪ್ಪಿಗೆ ಎಷ್ಟು ಎತ್ತರ ಬೇಕು?

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಏರಿದ ತರಬೇತಿ ವಿಮಾನವೊಂದು ತೊಂದರೆಗೆ ಸಿಕ್ಕಿ ಹೊನ್ನಿಹಾಳದ ಬಳಿ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ, ನಾಲ್ಕು ದಿನದೊಳಗೆ ಎರಡು ತರಬೇತಿ ವಿಮಾನಗಳು ನೆಲ ಕಂಡವು. ಇಂಥ ಸುದ್ದಿ ಬಂದಾಗಲೆಲ್ಲ ಜನ ಕೇಳುವುದು ಒಂದೇ: ತಪ್ಪು ಗುರುವಿನದೋ, ಶಿಷ್ಯನದೋ? ನನಗೆ ಅದು ಎರಡನೆಯ ಪ್ರಶ್ನೆ. ಕಲಿಯುವವನಿಗೆ ತಪ್ಪು ಮಾಡಲು ಎಷ್ಟು ಜಾಗ ಕೊಡಬೇಕು, ಆ ಜಾಗ ಕೊಡಬೇಕಾದವರು ಯಾರು ಎಂಬುದು ಮೊದಲನೆಯದು.

ಗುರು-ಶಿಷ್ಯರ ಮಾತು ಬಂದರೆ ಧಾರವಾಡ ಸೀಮೆಯವರಿಗೆ ಕುಂದಗೋಳ ನೆನಪಾಗುತ್ತದೆ. ಸವಾಯಿ ಗಂಧರ್ವರ ಬಳಿ ಭೀಮಸೇನ ಜೋಶಿ ಹಾಡುಗಾರಿಕೆ ಕಲಿತದ್ದು ಅಲ್ಲಿ. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲು ಹತ್ತಿ ಹೋಗುತ್ತಿದ್ದದ್ದೂ ಅಲ್ಲಿಗೇ. ಒಂದೇ ಪಲುಕನ್ನು ಸಿದ್ಧಿಯಾಗುವವರೆಗೆ ತಿರುತಿರುಗಿ ಹಾಡಿಸುವ ಪಾಠ ಅದು. ಸ್ವರ ತಪ್ಪಿದರೆ ಯಾರಿಗೂ ಗಾಯವಾಗದು, ಮತ್ತೆ ಹಾಡಿದರಾಯಿತು.

ನೆಲಕ್ಕೆ ಇಳಿಯುತ್ತಿರುವ ವಿಮಾನದಲ್ಲಿ ಆ ಪುರುಸೊತ್ತು ಸಿಗುವುದಿಲ್ಲ. ಸೆಸ್ನಾ 172ರಂಥ ಪುಟ್ಟ ವಿಮಾನ ರನ್‌ವೇ ಕಡೆಗೆ ಬರುವುದು ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ. ನೆಲ ಹದಿನೈದಿಪ್ಪತ್ತು ಅಡಿ ಕೆಳಗಿರುವಾಗ ಮೂತಿಯನ್ನು ಮೆಲ್ಲಗೆ ಎತ್ತಿ, ಹಿಂದಿನ ಗಾಲಿಗಳು ಮೊದಲು ಊರುವಂತೆ ಇಳಿಸಬೇಕು. ಎತ್ತುವುದು ತಡವಾದರೆ ಮುಂಗಾಲಿ ಅಪ್ಪಳಿಸುತ್ತದೆ. ಅವಸರವಾದರೆ ವೇಗ ಕಳೆದುಕೊಂಡು ವಿಮಾನ ಧೊಪ್ಪನೆ ಕುಸಿಯುತ್ತದೆ. ಒಮ್ಮೆ ಪುಟಿದರೆ ಗಾಬರಿಬಿದ್ದ ಶಿಷ್ಯ ಮೂತಿಯನ್ನು ಕೆಳಗೆ ಒತ್ತುತ್ತಾನೆ. ಎರಡನೆಯ ಪುಟಿತ ಇನ್ನೂ ಜೋರು. ಮೂರನೆಯದಕ್ಕೆ ಮುಂಗಾಲಿ ಮುರಿದು ಪ್ರೊಪೆಲರ್ ನೆಲಕ್ಕೆ ಬಡಿದೀತು. ಎಲ್ಲ ಕೆಲವೇ ಸೆಕೆಂಡುಗಳಲ್ಲಿ. ಪಕ್ಕದ ಬೋಧಕನ ಮುಂದೆಯೂ ಇನ್ನೊಂದು ಜೊತೆ ಹಿಡಿಕೆ, ಪೆಡಲುಗಳಿವೆ ನಿಜ. ಆದರೆ ಆತ ಬೇಗ ಕೈಹಾಕಿದರೆ ಶಿಷ್ಯ ತನ್ನ ಕೈಯನ್ನೇ ನಂಬದವನಾಗುತ್ತಾನೆ. ಅರೆಕ್ಷಣ ಹೆಚ್ಚು ಕಾದರೆ ಯಾರ ಕೈಯಲ್ಲೂ ಏನೂ ಉಳಿಯುವುದಿಲ್ಲ.

ಹಾಗಾಗಿ ಧಾರಾಳವಾಗಿ ತಪ್ಪು ಮಾಡಿಸಬೇಕಾದದ್ದು ಮೂರು ಸಾವಿರ ಅಡಿ ಮೇಲೆ. ಕೊನೆಯ ಇಪ್ಪತ್ತು ಅಡಿಗೆ ಮಿತಿ ಯಾವುದೆಂದು ಹಾರುವ ಮೊದಲೇ ಇಬ್ಬರೂ ಕೂತು ಮಾತಾಡಿಕೊಂಡಿರಬೇಕು. ಇಳಿಯುವುದು ಸರಿಬರದಿದ್ದರೆ ಎಂಜಿನ್ ಪೂರ್ತಿ ತೆರೆದು ಮೇಲೇರಿ ಇನ್ನೊಂದು ಸುತ್ತು ಬರುವುದಿದೆಯಲ್ಲ, ಅದನ್ನು ಸೋಲೆಂದು ಎಣಿಸುವ ಶಾಲೆಯನ್ನು ನಾನು ಶಾಲೆ ಎನ್ನಲಾರೆ. ನಮ್ಮಲ್ಲಿ ಕಮರ್ಷಿಯಲ್ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು, ಗಂಟೆಗಂಟೆಗೂ ದುಡ್ಡು. ಸಾಲ ಮಾಡಿ ಮಗಳನ್ನು ಕಳಿಸಿದ ಮನೆಗೂ ವಿಮಾನ ನಿಂತಷ್ಟೂ ನಷ್ಟವಾಗುವ ಸಂಸ್ಥೆಗೂ ಗಂಟೆ ಬೇಗ ತುಂಬಬೇಕು. ದಣಿದ ಬೋಧಕನನ್ನು ಇನ್ನೊಂದು ಪಾಳಿಗೆ ಕೂರಿಸುವುದು ಆ ಆತುರವೇ. ಬಾರಾಮತಿಯ ಘಟನೆಗಳ ಬಳಿಕ ವಿಮಾನಯಾನ ಮಹಾನಿರ್ದೇಶನಾಲಯ ಆ ವಿಮಾನಗಳನ್ನು ಹಾರಿಸುತ್ತಿದ್ದ ಸಂಸ್ಥೆಯ ತರಬೇತಿಯನ್ನು ತಡೆಹಿಡಿದದ್ದು ಸರಿಯಾಗಿತ್ತು. ಆದರೆ ಗಂಟೆ ತುಂಬಿಸುವ ಒತ್ತಡ ಒಂದು ಸಂಸ್ಥೆಗೆ ಸೇರಿದ್ದಲ್ಲ.

ರನ್‌ವೇ ತಲುಪಲಾಗದ ದಿನವೂ ಬಂದೀತು. ಎಂಜಿನ್ ಕೈಕೊಟ್ಟರೆ ಹೊಲ ಆರಿಸುವುದನ್ನೂ ಶಿಷ್ಯರಿಗೆ ಕಲಿಸುತ್ತಾರೆ: ಗಾಳಿಗೆ ಎದುರಾಗಿ, ಸಾಲಿನ ಗುಂಟ, ವಿದ್ಯುತ್ ತಂತಿ ತಪ್ಪಿಸಿ. ನವಲಗುಂದ, ಅಣ್ಣಿಗೇರಿಯ ಎರಿ ಬಯಲು ಮೇಲಿನಿಂದ ಮೈದಾನದಂತೆ ಕಂಡೀತು. ಬೇಸಿಗೆಯಲ್ಲಿ ಅದು ಬಿರುಕುಬಿಟ್ಟ ಗಟ್ಟಿ ನೆಲ. ಒಂದು ಮಳೆ ಬಿದ್ದರೆ ಸಣ್ಣ ಗಾಲಿ ಹೂತು ವಿಮಾನ ಮಗುಚಿಕೊಳ್ಳುತ್ತದೆ. ಕಲಘಟಗಿ ಕಡೆಯಾದರೆ ಗಿಡಮರಗಳ ಭಯ ಬೇರೆ. ಇದನ್ನು ನಕಾಶೆ ಹೇಳುವುದಿಲ್ಲ, ಅಲ್ಲಿ ರಂಟೆ ಹೊಡೆದವರು ಹೇಳಬಲ್ಲರು.

ಇಷ್ಟೆಲ್ಲ ಕಲಿತರೂ ಅಪಘಾತವಾದರೆ, ಅದರ ತನಿಖೆ ಹೊಣೆ ಹೊರಿಸಲಿಕ್ಕಲ್ಲ, ಮರುಕಳಿಸದಂತೆ ತಡೆಯಲಿಕ್ಕೆ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧ ಹೇಳುತ್ತದೆ. ನಮ್ಮ ವಿಮಾನ ಅಪಘಾತ ತನಿಖಾ ಬ್ಯೂರೊ ನಡೆಯುವುದೂ ಅದೇ ತತ್ವದ ಮೇಲೆ. ಆದರೆ ಅದರ ವರದಿಗಳು ಇಂಗ್ಲಿಷಿನಲ್ಲಿ ಬರುತ್ತವೆ. ಹೊಲಕ್ಕೆ ಬಿದ್ದ ವಿಮಾನದ ಕಡೆ ಮೊದಲು ಓಡುವವರು ಹಳ್ಳಿಯವರು. ಅದು ಏಕೆ ಬಿತ್ತು, ಸೋರುವ ಪೆಟ್ರೋಲಿನ ಹತ್ತಿರ ಬೀಡಿ ಏಕೆ ಕೂಡದು, ಅವಶೇಷವನ್ನು ಏಕೆ ಕದಲಿಸಬಾರದು ಎಂಬುದನ್ನು ಎರಡು ಪುಟ ಕನ್ನಡದಲ್ಲಿ ಬರೆದು ಆ ಊರಿನ ಗ್ರಾಮ ಪಂಚಾಯಿತಿಗೆ ಕಳಿಸುವುದು ಬ್ಯೂರೊದ ಕೆಲಸವೇ ಆಗಬೇಕು.